‘ಗ್ಯಾಸ್ಟ್ರಿಕ್’ ಎಂದು ಕಾಯುತ್ತ ಕೂರಬೇಡಿ: ಸಾಂಕ್ರಾಮಿಕದ ದಿನಗಳಲ್ಲಿ ಜಠರದ ಕ್ಯಾನ್ಸರ್

2020ರ ಏಪ್ರಿಲ್‌ನಲ್ಲಿ ಎಂಡೋಸ್ಕೋಪಿಗೆ ದಿನ ಕೇಳಲು ಆಸ್ಪತ್ರೆಗೆ ಫೋನ್ ಮಾಡಿದವರಿಗೆ ಸಿಗುತ್ತಿದ್ದ ಉತ್ತರ ಹೆಚ್ಚುಕಮ್ಮಿ ಒಂದೇ: ‘ಈಗ ಎಮರ್ಜೆನ್ಸಿ ಮಾತ್ರ ಸಾರ್, ಲಾಕ್‌ಡೌನ್ ಮುಗಿಯಲಿ, ಆಮೇಲೆ ಮಾಡಿ.’ ಉತ್ತರದಲ್ಲಿ ಸುಳ್ಳಿರಲಿಲ್ಲ. ಆದರೆ ತನ್ನದು ಎಮರ್ಜೆನ್ಸಿ ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಹೊಣೆ ಹೊಟ್ಟೆನೋವು ತಿನ್ನುತ್ತಿದ್ದವರ ಹೆಗಲಿಗೇ ಬಿತ್ತು. ‘ಆಮೇಲೆ’ ಎಂಬುದಕ್ಕೆ ತಾರೀಖೂ ಇರಲಿಲ್ಲ.

ಫಲ ಏನಾಯಿತು ಎಂಬುದಕ್ಕೆ ಲೆಕ್ಕ ಇದೆ. ದೇಶದ ಕ್ಯಾನ್ಸರ್ ಆಸ್ಪತ್ರೆಗಳ ಜಾಲವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್‌ನ 41 ಕೇಂದ್ರಗಳಲ್ಲಿ 2020ರ ಮಾರ್ಚ್‌ನಿಂದ ಮೇ ಕೊನೆಯವರೆಗೆ ಹೊಸ ರೋಗಿಗಳ ನೋಂದಣಿ, ಹಿಂದಿನ ವರ್ಷದ ಅದೇ ಮೂರು ತಿಂಗಳಿಗೆ ಹೋಲಿಸಿದರೆ, ಶೇ 54ರಷ್ಟು ಕುಸಿದಿತ್ತು. ದೊಡ್ಡ ಶಸ್ತ್ರಚಿಕಿತ್ಸೆಗಳು ಶೇ 49ರಷ್ಟು ಕಡಿಮೆಯಾಗಿದ್ದವು. ಕ್ಯಾನ್ಸರ್ ಏನೂ ಆ ಮೂರು ತಿಂಗಳು ರಜೆ ಹಾಕಿರಲಿಲ್ಲ. ನೋಂದಣಿಯಾಗದವರು ಮನೆಯಲ್ಲಿದ್ದರು, ಅಷ್ಟೆ.

ಮುಂದೊಮ್ಮೆ ಕೋವಿಡ್‌ನಂಥ ಸೋಂಕು ಬಂದು ಆಸ್ಪತ್ರೆಯ ಬಾಗಿಲು ಕಿರಿದಾದರೆ, ಹೊಟ್ಟೆಯ ತೊಂದರೆ ಇರುವವರು, ಜಠರದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿರುವವರು, ಅವರನ್ನು ನೋಡಿಕೊಳ್ಳುವ ಮನೆಯವರು ಏನು ಮಾಡಬೇಕು? ಈ ಲೇಖನ ಅದಕ್ಕಾಗಿ.

‘ಗ್ಯಾಸ್ಟ್ರಿಕ್’ ಎಂಬ ಮುಸುಕು

ಕನ್ನಡದಲ್ಲಿ ಹೊಟ್ಟೆ ಎಂದರೆ ಎದೆಯ ಕೆಳಗಿನಿಂದ ಸೊಂಟದವರೆಗೆ ಎಲ್ಲವೂ ಸೇರುತ್ತದೆ. ಇಲ್ಲಿ ಹೇಳುತ್ತಿರುವುದು ತಿಂದ ಅನ್ನ ಮೊದಲು ಹೋಗಿ ತಂಗುವ ಚೀಲದ ಬಗ್ಗೆ, ಅಂದರೆ ಜಠರದ ಬಗ್ಗೆ. ಅದರ ಒಳಪೊರೆಯಲ್ಲಿ ಹುಟ್ಟುವ ಕ್ಯಾನ್ಸರ್ ಮೊದಮೊದಲು ಸದ್ದೇ ಮಾಡುವುದಿಲ್ಲ. ಆಮೇಲೆ ಮಾಡುವ ಸದ್ದೂ ನಾವು ದಿನಾ ಕೇಳುವಂಥದ್ದೇ: ಉರಿ, ತೇಗು, ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗಾಗುವುದು. ನಮ್ಮಲ್ಲಿ ಇದಕ್ಕೆಲ್ಲ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಹೆಸರು. ಎದೆನೋವಿಗೂ ಅದೇ, ಬೆನ್ನು ಹಿಡಿದರೂ ಅದೇ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆಯೂ ಸಿಗುವ ಮಾತ್ರೆ ನುಂಗಿದರೆ ನಾಲ್ಕು ದಿನ ಹಗುರ.

ಅಪಾಯ ಇರುವುದು ಈ ಹಗುರದಲ್ಲೇ. ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಮಾತ್ರೆಗಳು ಕ್ಯಾನ್ಸರ್‌ನಿಂದಾದ ಹುಣ್ಣಿನ ನೋವನ್ನೂ ಸ್ವಲ್ಪ ಕಾಲ ಇಳಿಸಬಲ್ಲವು. ಕೆಲವೊಮ್ಮೆ ಹುಣ್ಣಿನ ಮೇಲ್ಮೈ ಮಾಗಿದಂತೆಯೂ ಕಾಣಿಸಬಲ್ಲವು. ಸಾಮಾನ್ಯ ದಿನಗಳಲ್ಲಾದರೆ ಮಾತ್ರೆ ಮುಗಿದು ನೋವು ಮರಳಿದಾಗ ಡಾಕ್ಟರ ಬಳಿ ಹೋಗುತ್ತೇವೆ. ಲಾಕ್‌ಡೌನ್ ದಿನಗಳಲ್ಲಿ ಇನ್ನೊಂದು ಪಟ್ಟಿ ಮಾತ್ರೆ ತರಿಸುತ್ತೇವೆ.

ಇನ್ನೊಂದು ಮುಸುಕನ್ನು ಕೋವಿಡ್ಡೇ ತಂದಿತು. ಸೋಂಕಿನಿಂದ ಎದ್ದವರಿಗೆ ಬಾಯಿರುಚಿ ಇಲ್ಲ, ಸುಸ್ತು, ತೂಕ ಇಳಿದಿದೆ. ‘ಕೋವಿಡ್ ಆದಮೇಲೆ ಹೀಗೇ’ ಎಂದು ಮನೆಮಂದಿಯೆಲ್ಲ ಒಪ್ಪಿಬಿಟ್ಟರು. ಬಹುಪಾಲು ಜನರ ವಿಷಯದಲ್ಲಿ ಅದು ನಿಜವೂ ಆಗಿತ್ತು. ಆದರೆ ವಾರಗಳು ಕಳೆದರೂ ಹಸಿವು ಮರಳದಿದ್ದರೆ, ತೂಕ ಇಳಿಯುತ್ತಲೇ ಇದ್ದರೆ, ಕಾರಣವನ್ನು ಬೇರೆ ಕಡೆ ಹುಡುಕಬೇಕು.

ಜಪಾನ್ ಮತ್ತು ದಕ್ಷಿಣ ಕೊರಿಯಾದಲ್ಲಿ ಈ ಕ್ಯಾನ್ಸರ್ ಹೆಚ್ಚು. ಹಾಗಾಗಿ ತೊಂದರೆ ಇಲ್ಲದವರನ್ನೂ ಸರ್ಕಾರವೇ ಕರೆದು ಪರೀಕ್ಷಿಸುತ್ತದೆ. ಕೊರಿಯಾದಲ್ಲಿ 40 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ. ಅಲ್ಲೂ 2020ರಲ್ಲಿ ತಪಾಸಣೆ ಕುಂಟಿತು. ಯೊಕೊಹಾಮಾದ ಎರಡು ಆಸ್ಪತ್ರೆಗಳ ದಾಖಲೆಯಂತೆ ಜಠರದ ಕ್ಯಾನ್ಸರ್‌ನ ಹೊಸ ಪತ್ತೆ ಕಾಲು ಭಾಗಕ್ಕೂ ಹೆಚ್ಚು ಇಳಿಯಿತು. ಸಿಗದೆ ಹೋದವುಗಳಲ್ಲಿ ಹೆಚ್ಚಿನವು ಮೊದಲ ಹಂತದವು, ಅಂದರೆ ವಾಸಿಯಾಗುವ ಸಾಧ್ಯತೆ ಹೆಚ್ಚಿರುವಂಥವು. ಕೊರಿಯಾ ಒಂದು ಜಾಣತನ ಮಾಡಿತು: 2020ರಲ್ಲಿ ತಪ್ಪಿಸಿಕೊಂಡವರಿಗೆ 2021ರ ಜೂನ್‌ವರೆಗೆ ಅವಧಿ ವಿಸ್ತರಿಸಿತು. ತಪ್ಪಿದ ಪರೀಕ್ಷೆಗೆ ಒಂದು ಹೊಸ ತಾರೀಖು ಸಿಕ್ಕಿತು.

ನಮ್ಮಲ್ಲಿ ಅಂಥ ಕರೆ ಬರುವುದಿಲ್ಲ. ಸರ್ಕಾರದ ಕ್ಯಾನ್ಸರ್ ತಪಾಸಣೆ ಬಾಯಿ, ಸ್ತನ, ಗರ್ಭಕಂಠಕ್ಕೆ ಸೀಮಿತ. ಮಿಜೋರಾಂ ಬಿಟ್ಟರೆ ದೇಶದ ಹೆಚ್ಚಿನ ಕಡೆ ಈ ಕ್ಯಾನ್ಸರ್‌ನ ಪ್ರಮಾಣ ಜಪಾನಿನಷ್ಟಿಲ್ಲ, ಹಾಗಾಗಿ ಎಲ್ಲರಿಗೂ ಎಂಡೋಸ್ಕೋಪಿ ಮಾಡಿಸಿ ಎಂದು ಯಾರೂ ಹೇಳುವುದಿಲ್ಲ. ನಮ್ಮ ಪಾಲಿಗೆ ಇರುವ ತಪಾಸಣೆ ಎಂದರೆ, ಲಕ್ಷಣ ಕಂಡಾಗ ತಡಮಾಡದೆ ಹೋಗುವುದು. ಸೋಂಕಿನ ಕಾಲ ಕಸಿದುಕೊಂಡದ್ದು ಅದನ್ನೇ.

ಎಂಡೋಸ್ಕೋಪಿ ಕೋಣೆ ಏಕೆ ಮುಚ್ಚಿತು

ಬಾಯಿಂದ ನಳಿಕೆ ಇಳಿಸುವಾಗ ಓಕರಿಕೆ, ಕೆಮ್ಮು ಬರುತ್ತದೆ. ಉಸಿರಿನಿಂದ ಹರಡುವ ವೈರಾಣು ಇದ್ದರೆ ಅದು ಕೋಣೆಯ ಗಾಳಿಗೆ ಸೇರುತ್ತದೆ. ಒಬ್ಬರಾದ ಮೇಲೆ ಗಾಳಿ ತಿಳಿಯಾಗಲು, ಕೋಣೆ ಒರೆಸಲು, ಸಿಬ್ಬಂದಿ ಪಿಪಿಇ ಬದಲಿಸಲು ಸಮಯ ಬೇಕು. ಇಡೀ ಬೆಳಗ್ಗೆ ಸಾಲಾಗಿ ನಡೆಯುತ್ತಿದ್ದ ಕೆಲಸ ಬೆರಳೆಣಿಕೆಗೆ ಇಳಿಯುತ್ತದೆ. ಐಸಿಯು ಹಾಸಿಗೆ, ಅರಿವಳಿಕೆ ತಜ್ಞರು, ಆಕ್ಸಿಜನ್ ಎಲ್ಲವೂ ಸೋಂಕಿತರ ಕಡೆ ಹರಿಯುವುದರಿಂದ ಆಪರೇಷನ್ ಥಿಯೇಟರಿಗೂ ಅದೇ ಗತಿ.

ಅಂದರೆ ಕೋಣೆಗೆ ಪೂರ್ತಿ ಬೀಗ ಬೀಳುವುದಿಲ್ಲ, ಒಳಗೆ ಹಿಡಿಸುವ ಜಾಗ ಕಡಿಮೆಯಾಗುತ್ತದೆ. ಇರುವಷ್ಟು ಜಾಗ ಯಾರಿಗೆ ಎಂದು ಡಾಕ್ಟರು ವಿಂಗಡಿಸುತ್ತಾರೆ. ವಿಂಗಡಿಸಲು ಅವರ ಕೈಗೆ ಮಾಹಿತಿ ಬೇಕು. ಅದು ನಿಮ್ಮಿಂದಲೇ ಬರಬೇಕು.

ಮೊದಲು ಮನೆಯಲ್ಲೇ ವಿಂಗಡಿಸಿ

1. ಇವತ್ತೇ ಹೊರಡಬೇಕಾದದ್ದು. ರಕ್ತ ವಾಂತಿ, ಅಥವಾ ಕಾಫಿ ಪುಡಿ ಕದಡಿದಂತಿರುವ ವಾಂತಿ. ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ, ವಿಪರೀತ ವಾಸನೆ ಬರುವ ಮಲ. ನೀರೂ ನಿಲ್ಲದ ವಾಂತಿ. ನಿಂತರೆ ಕಣ್ಣು ಕತ್ತಲೆ, ಬೆವರು, ಏದುಸಿರು. ಇಲ್ಲಿ ಫೋನು, ಅಪಾಯಿಂಟ್‌ಮೆಂಟು ಎಂದು ಕೂರಬೇಡಿ. 108ಕ್ಕೆ ಕರೆ ಮಾಡಿ. ಒಂದು ವಿನಾಯಿತಿ ಗೊತ್ತಿರಲಿ: ಕಬ್ಬಿಣಾಂಶದ ಮಾತ್ರೆ ತಿನ್ನುವವರ ಮಲವೂ ಕಪ್ಪಾಗುತ್ತದೆ, ಆದರೆ ಅದು ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ, ಡಾಂಬರಿನಂತೆ ಅಂಟುವುದಿಲ್ಲ. ಸಂಶಯ ಬಂದರೆ ರಕ್ತಸ್ರಾವ ಎಂದೇ ಎಣಿಸಿ.

2. ಒಂದೆರಡು ವಾರದೊಳಗೆ ಡಾಕ್ಟರು ನೋಡಲೇಬೇಕಾದದ್ದು. ನುಂಗುವಾಗ ಅನ್ನ ಸಿಕ್ಕಿಹಾಕಿಕೊಳ್ಳುವುದು. ಪ್ರಯತ್ನಪಡದೆ ತೂಕ ಇಳಿಯುವುದು. ಆರು ತಿಂಗಳಲ್ಲಿ ಶೇ 5ಕ್ಕಿಂತ ಹೆಚ್ಚು, ಎಂದರೆ 60 ಕಿಲೋ ಇದ್ದವರಿಗೆ 3 ಕಿಲೋ. ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ ಬೆಲ್ಟಿಗೆ ಹೊಸ ತೂತು, ಸಡಿಲವಾದ ರವಿಕೆ, ಜಾರುವ ಉಂಗುರ ಸಾಕ್ಷಿ ಹೇಳುತ್ತವೆ. ಅರ್ಧ ಊಟಕ್ಕೇ ಹೊಟ್ಟೆ ತುಂಬುವುದು ವಾರಗಟ್ಟಲೆ ಮುಂದುವರಿದರೆ, ಹಿಂದಿನ ದಿನ ತಿಂದದ್ದು ಮರುದಿನ ವಾಂತಿಯಾದರೆ, ಮೇಲುಹೊಟ್ಟೆಯಲ್ಲೋ ಎಡಗಡೆ ಕೊರಳೆಲುಬಿನ ಮೇಲೋ ಗಂಟು ಕೈಗೆ ಸಿಕ್ಕರೆ, ರಕ್ತಹೀನತೆಗೆ ಬೇರೆ ಕಾರಣ ತಿಳಿಯದಿದ್ದರೆ. ನಲವತ್ತೈದು ದಾಟಿದ ಮೇಲೆ ಮೊದಲ ಬಾರಿಗೆ ಶುರುವಾದ ‘ಗ್ಯಾಸ್ಟ್ರಿಕ್’ ಕೂಡ ಈ ಗುಂಪಿಗೇ ಸೇರಿದ್ದು. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಜಠರದ ಕ್ಯಾನ್ಸರ್ ಆಗಿದ್ದರೆ ಅದಕ್ಕಿಂತ ಚಿಕ್ಕ ವಯಸ್ಸಿನಲ್ಲೂ.

3. ದಿನಾಂಕ ಗೊತ್ತುಮಾಡಿಕೊಂಡು ಕಾಯಬಹುದಾದದ್ದು. ಮೇಲಿನ ಯಾವ ಲಕ್ಷಣವೂ ಇಲ್ಲದ ಹಳೆಯ ಹುಳಿತೇಗು. ಹಿಂದಿನ ಎಂಡೋಸ್ಕೋಪಿಯಲ್ಲಿ ಒಳಪೊರೆ ಸವೆದಿದೆ, ಬದಲಾಗಿದೆ ಎಂದು ಬರೆದು ‘ಮೂರು ವರ್ಷಕ್ಕೊಮ್ಮೆ ನೋಡೋಣ’ ಎಂದವರು. ಮನೆಯವರಿಗೆ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಜಠರದ ಬ್ಯಾಕ್ಟೀರಿಯ ಇದೆ ಎಂದು ತಾವೂ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದಿರುವವರು. ಇವು ಒಂದೆರಡು ತಿಂಗಳು ಮುಂದೆ ಹೋದರೆ ಸಾಮಾನ್ಯವಾಗಿ ನಷ್ಟವಿಲ್ಲ.

ಮೂರನೆಯದು ಧೈರ್ಯ ತುಂಬಲು ಬರೆದ ಮಾತಲ್ಲ. ಒಸಾಕಾದಲ್ಲಿ, ಆರಂಭದ ಹಂತದ ಜಠರದ ಕ್ಯಾನ್ಸರ್ ಇದ್ದೂ ಕಾರಣಾಂತರಗಳಿಂದ ಕೂಡಲೇ ಶಸ್ತ್ರಚಿಕಿತ್ಸೆ ಆಗದವರನ್ನು ಗಮನಿಸಿದ ಅಧ್ಯಯನವಿದೆ. ಅದು ಮುಂದಿನ ಹಂತಕ್ಕೆ ದಾಟಲು ಹಿಡಿದ ಸಮಯದ ಮಧ್ಯಮಾಂಕ 44 ತಿಂಗಳು. ಹಾಗಾಗಿಯೇ ಜಪಾನಿನ ತಜ್ಞರು ತೀರ ಆರಂಭದ ಕ್ಯಾನ್ಸರ್‌ಗೂ ಸ್ವಲ್ಪ ಕಾಲ ತಾಳಬಹುದು ಎನ್ನುವ ಸ್ಥಿತಿಯಲ್ಲಿದ್ದರು. ಆದರೆ ಆರಂಭದ್ದು ಎಂದು ಹೇಳಲು ಮೊದಲು ಒಳಗೆ ಇಣುಕಿ ನೋಡಿರಬೇಕು. ಲಕ್ಷಣ ಕಾಣಿಸಿಕೊಂಡ ಮೇಲೆ ಪತ್ತೆಯಾಗುವುದು ಹೆಚ್ಚಾಗಿ ಮುಂದುವರಿದ ಹಂತ, ಅದಕ್ಕೆ ಈ ಬಿಡುವು ಇಲ್ಲ.

ಫೋನಿನಲ್ಲಿ ಹೇಳುವುದು ಹೇಗೆ

ಡಾಕ್ಟರನ್ನು ಫೋನಿನಲ್ಲಿ, ವಿಡಿಯೊದಲ್ಲಿ ಕಾಣುವುದಕ್ಕೆ 2020ರ ಮಾರ್ಚ್ 25ರಂದು ಹೊರಟ ಟೆಲಿಮೆಡಿಸಿನ್ ಮಾರ್ಗಸೂಚಿ ಸ್ಪಷ್ಟ ಚೌಕಟ್ಟು ಕೊಟ್ಟಿತು. ಸರ್ಕಾರದ ಇ-ಸಂಜೀವಿನಿ ಸೇವೆ ಉಚಿತ. ಅದರಲ್ಲಿ ಎಂಡೋಸ್ಕೋಪಿ ಆಗುವುದಿಲ್ಲ ನಿಜ, ಆದರೆ ‘ಇವರಿಗೆ ಬೇಗ ಬೇಕು’ ಎಂಬ ಚೀಟಿ ಸಿಗುತ್ತದೆ. ಬಾಗಿಲು ಕಿರಿದಾದಾಗ ಆ ಚೀಟಿಗೆ ಬೆಲೆ ಹೆಚ್ಚು.

1. ‘ಗ್ಯಾಸ್ಟ್ರಿಕ್’ ಎಂಬ ಪದವನ್ನೇ ಬಿಡಿ. ಏನಾಗುತ್ತಿದೆ ಎಂದು ಹೇಳಿ: ‘ಎರಡು ತಿಂಗಳಿಂದ ಒಂದು ಚಪಾತಿಗೇ ಸಾಕಾಗುತ್ತೆ, 4 ಕಿಲೋ ಇಳಿದಿದ್ದೇನೆ, ವಯಸ್ಸು 52.’ ಆ ಕಡೆ ಕೇಳುವವರು ಡಾಕ್ಟರಾಗಿರದೆ ರಿಸೆಪ್ಷನ್‌ನವರೂ ಆಗಿರಬಹುದು. ಅವರಿಗೂ ಈ ವಾಕ್ಯ ತಲೆಗೆ ಹೋಗುತ್ತದೆ.

2. ಯಾವ ಮಾತ್ರೆ, ಎಷ್ಟು ದಿನದಿಂದ ಎಂದು ಹೇಳಿ. ಮಂಡಿನೋವಿನ ಮಾತ್ರೆ, ಆಸ್ಪಿರಿನ್, ರಕ್ತ ತೆಳು ಮಾಡುವ ಮಾತ್ರೆ, ಸ್ಟಿರಾಯ್ಡ್ ಮುಚ್ಚಿಡಬೇಡಿ. ಕೋವಿಡ್ ಸಮಯದಲ್ಲಿ ಸ್ಟಿರಾಯ್ಡ್ ಮತ್ತು ರಕ್ತ ತೆಳು ಮಾಡುವ ಔಷಧ ಬಹಳ ಜನರ ಮನೆ ಸೇರಿದವು; ಹುಣ್ಣಿರುವ ಜಠರಕ್ಕೆ ಇವು ರಕ್ತಸ್ರಾವದ ದಾರಿ. ಹಾಗೆಂದು ನೀವಾಗಿಯೇ ನಿಲ್ಲಿಸಲೂ ಬೇಡಿ.

3. ಹೋಗಲಾಗದಿದ್ದರೆ ಹತ್ತಿರದ ಲ್ಯಾಬಿನಲ್ಲಿ ಹಿಮೋಗ್ಲೋಬಿನ್ ಸಹಿತ ರಕ್ತಪರೀಕ್ಷೆಯನ್ನಾದರೂ ಮಾಡಿಸಿಕೊಳ್ಳಬಹುದೇ ಎಂದು ಕೇಳಿ. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣಾಂಶದ ಕೊರತೆಯ ರಕ್ತಹೀನತೆ ಕಂಡರೆ ಕರುಳಿನಲ್ಲೋ ಜಠರದಲ್ಲೋ ರಕ್ತ ಸೋರುತ್ತಿರಬಹುದು. ಆ ಒಂದು ಅಂಕಿ ನಿಮ್ಮನ್ನು ಸರದಿಯಲ್ಲಿ ಮುಂದಕ್ಕೆ ತರುತ್ತದೆ.

4. ಹೆಲಿಕೊಬ್ಯಾಕ್ಟರ್ ಪೈಲೊರಿಗೆ ಮಲದ ಪರೀಕ್ಷೆ ಇದೆ. ಕೊಳವೆಗೆ ಊದುವ ಉಸಿರಿನ ಪರೀಕ್ಷೆಗೆ ಸೋಂಕಿನ ಕಾಲದಲ್ಲಿ ಹಿಂಜರಿಕೆ ಇತ್ತು, ಮಲದ ಪರೀಕ್ಷೆಗೆ ಆ ತೊಡಕು ಕಡಿಮೆ. ಆದರೆ ಆಮ್ಲದ ಮಾತ್ರೆಯನ್ನು ಎರಡು ವಾರ, ಆಂಟಿಬಯೋಟಿಕ್ ಅನ್ನು ನಾಲ್ಕು ವಾರ ಮೊದಲೇ ನಿಲ್ಲಿಸಿರದಿದ್ದರೆ ಇದ್ದದ್ದೂ ಇಲ್ಲ ಎಂದು ಬರಬಹುದು. ಡಾಕ್ಟರನ್ನು ಕೇಳಿಯೇ ನಿಲ್ಲಿಸಿ.

5. ಫೋನ್ ಇಡುವ ಮೊದಲು ತಾರೀಖು ಕೇಳಿ. ‘ಆಮೇಲೆ’ ಎಂದರೆ ಯಾವಾಗ? ಅಷ್ಟರೊಳಗೆ ಏನಾದರೆ ತಕ್ಷಣ ಬರಬೇಕು? ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ದಿನ ಕರೆ ಮಾಡುವುದು ನಿಮ್ಮ ಕೆಲಸ. ಆಸ್ಪತ್ರೆ ನೆನಪಿಟ್ಟುಕೊಂಡು ಕರೆಯುತ್ತದೆ ಎಂದು ನಂಬಿ ಕೂರಬೇಡಿ.

ಹೆಲಿಕೊಬ್ಯಾಕ್ಟರ್ ಪೈಲೊರಿ ಬ್ಯಾಕ್ಟೀರಿಯದ ಬಗ್ಗೆ ಎರಡೇ ಮಾತು. ಪರ್ತ್‌ನ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅದನ್ನು 1982ರಲ್ಲಿ ಬೆಳೆಸಿ ತೋರಿಸಿದರು, 2005ರಲ್ಲಿ ನೊಬೆಲ್ ಪಡೆದರು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಕ್ಯಾನ್ಸರ್‌ಕಾರಕ ಎಂದು ಸಾರಿತು. ಆದರೂ ಅದು ಇರುವವರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಬರುವುದೇ ಇಲ್ಲ. ಪರೀಕ್ಷೆಯಲ್ಲಿ ಸಿಕ್ಕಿತೆಂದು ಗಾಬರಿಯಾಗಿ ಸೋಂಕಿನ ನಡುವೆ ಆಸ್ಪತ್ರೆಗೆ ಓಡಬೇಕಿಲ್ಲ.

ಚಿಕಿತ್ಸೆ ಅರ್ಧದಲ್ಲಿದ್ದರೆ

ಜಠರದ ಕ್ಯಾನ್ಸರ್‌ನ ಚಿಕಿತ್ಸೆ ಒಂದೇ ದಿನದ ಕೆಲಸವಲ್ಲ. ಮುಂದುವರಿದ, ಆದರೆ ಹರಡದ ಕ್ಯಾನ್ಸರ್‌ಗೆ ಈಗ ಹೆಚ್ಚು ಬಳಕೆಯಲ್ಲಿರುವ ಕ್ರಮದಲ್ಲಿ ಎರಡು ವಾರಕ್ಕೊಂದರಂತೆ ನಾಲ್ಕು ಸುತ್ತು ಕೀಮೋ, ನಂತರ ಶಸ್ತ್ರಚಿಕಿತ್ಸೆ, ಮತ್ತೆ ನಾಲ್ಕು ಸುತ್ತು. ಫ್ಲಾಟ್ ಎಂದು ಡಾಕ್ಟರು ಕರೆಯುವುದು ಇದನ್ನೇ. ಸರಪಳಿಯ ಒಂದು ಕೊಂಡಿ ಜಾರಿದರೆ ಮುಂದಿನದೆಲ್ಲ ಜಾರುತ್ತದೆ. ಹಾಗಾಗಿ ಯಾವುದೇ ಸುತ್ತನ್ನು ನೀವಾಗಿಯೇ ಬಿಡಬೇಡಿ. ಕ್ರಮವನ್ನು ಬದಲಿಸಬಹುದೇ ಎಂದು ಕೇಳಿ. ಡಾಕ್ಟರ ಬಳಿ ದಾರಿಗಳಿವೆ. ಥಿಯೇಟರ್ ಸಿಗುವವರೆಗೆ ಕೀಮೋ ಮುಂದುವರಿಸುವುದು ಒಂದು. ಮೂರು ವಾರಕ್ಕೊಮ್ಮೆ ಡ್ರಿಪ್ ಹಾಕಿಸಿಕೊಂಡು, 14 ದಿನ ಮನೆಯಲ್ಲೇ ಕ್ಯಾಪೆಸಿಟಾಬಿನ್ ಮಾತ್ರೆ ನುಂಗುವ ಕ್ರಮ ಇನ್ನೊಂದು, ಓಡಾಟ ಕಡಿಮೆಯಾಗುತ್ತದೆ. ಬಿಳಿ ರಕ್ತಕಣ ಕುಸಿಯದಂತೆ ಚುಚ್ಚುಮದ್ದು ಕೊಡುವುದು ಮತ್ತೊಂದು. ರಾಜ್ಯದ ಕೆಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಈಗ ಡೇ-ಕೇರ್ ಕೀಮೋ ಕೇಂದ್ರಗಳಿವೆ. ರಾಯಚೂರಿನವರು ಪ್ರತಿ ಸುತ್ತಿಗೂ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೇ ಬರಬೇಕೇ ಎಂದು ಕೇಳಿ ನೋಡುವುದರಲ್ಲಿ ತಪ್ಪಿಲ್ಲ.

ಎಚ್ಚರಿಕೆ: ಕೀಮೋ ನಡುವಿನ ಜ್ವರ. ಈ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಕೀಮೋ ಪಡೆಯುತ್ತಿರುವವರಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಮುಟ್ಟಿದರೆ ಅದು ತುರ್ತು. ಬಿಳಿ ರಕ್ತಕಣ ಕುಸಿದಿರುವಾಗ ಬರುವ ಸೋಂಕು ಗಂಟೆಗಳಲ್ಲಿ ಪ್ರಾಣಕ್ಕೆ ಬರಬಹುದು. ಸಾಂಕ್ರಾಮಿಕದ ದಿನಗಳಲ್ಲಿ ಇಲ್ಲಿ ಎರಡು ಅನಾಹುತ ಆಗುತ್ತವೆ: ಕೋವಿಡ್ ಇರಬಹುದೆಂದು ಹೆದರಿ ಪ್ಯಾರಸಿಟಮಾಲ್ ನುಂಗಿ ಮನೆಯಲ್ಲೇ ಉಳಿಯುವುದು, ಅಥವಾ ಫೀವರ್ ಕ್ಲಿನಿಕ್ಕಿನ ಸಾಲಿನಲ್ಲಿ ಇಡೀ ದಿನ ನಿಲ್ಲುವುದು. ಕೀಮೋ ಕಾರ್ಡು ಸದಾ ಜೇಬಿನಲ್ಲಿರಲಿ. ಬಾಗಿಲಲ್ಲೇ ‘ಕೀಮೋ ನಡೀತಿದೆ, ಕಳೆದ ಸುತ್ತು ಇಂಥ ದಿನ ಆಯ್ತು, ಜ್ವರ ಬಂದಿದೆ’ ಎಂದು ಹೇಳಿ. ರಕ್ತಕಣಗಳ ಎಣಿಕೆ ಮತ್ತು ಆಂಟಿಬಯೋಟಿಕ್, ಕೋವಿಡ್ ವರದಿಗಾಗಿ ಕಾಯಬಾರದು.

ಕ್ಯಾಪೆಸಿಟಾಬಿನ್ ತಿನ್ನುವವರಿಗೆ ದಿನಕ್ಕೆ ಮಾಮೂಲಿಗಿಂತ ನಾಲ್ಕು ಅಥವಾ ಅದಕ್ಕೂ ಹೆಚ್ಚು ಸಲ ಭೇದಿಯಾದರೆ, ಅಂಗೈ ಅಂಗಾಲು ಕೆಂಪಾಗಿ ಸುಲಿದು ನೋವಾದರೆ, ಮಾತ್ರೆ ನಿಲ್ಲಿಸಿ ಆಗಲೇ ಫೋನ್ ಮಾಡಬೇಕು. ‘ಕೋರ್ಸ್ ಮುಗಿಸಿಬಿಡೋಣ’ ಎಂಬ ಹಟ ಇಲ್ಲಿ ಬೇಡ.

ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದ ಮೇಲೆ ಕೋವಿಡ್ ಬಂದರೆ? 116 ದೇಶಗಳ ಮಾಹಿತಿ ಕಲೆಹಾಕಿದ ಅಧ್ಯಯನ 2021ರಲ್ಲಿ ಹೇಳಿದ್ದು, ಸೋಂಕಿನ ನಂತರ ಏಳು ವಾರವಾದರೂ ಕಳೆದರೆ ಆಪರೇಷನ್ನಿನ ಅಪಾಯ ಮೊದಲಿನ ಮಟ್ಟಕ್ಕೆ ಬರುತ್ತದೆ ಎಂದು. ಅದು ಲಸಿಕೆ ಬರುವ ಮೊದಲಿನವರ ಲೆಕ್ಕ. ಲಸಿಕೆ ಆದವರಿಗೆ, ಸೌಮ್ಯ ಸೋಂಕು ಬಂದವರಿಗೆ ಅಷ್ಟು ಕಾಯಬೇಕೆಂದೇನಿಲ್ಲ. ರಕ್ತ ಸೋರುತ್ತಿರುವ, ಅನ್ನದ ದಾರಿ ಕಟ್ಟಿರುವ ಗಡ್ಡೆಯಾದರೆ ಕಾಯುವ ಅಪಾಯವೇ ದೊಡ್ಡದು. ಕಾಯುವ ದಿನಗಳಲ್ಲಿ ತೂಕ ಕಾಪಾಡಿಕೊಳ್ಳಿ: ಗಂಜಿಯ ಬದಲು ಮೊಟ್ಟೆ, ಮೊಸರು, ಗಟ್ಟಿ ಬೇಳೆ, ತುಪ್ಪ, ಸ್ವಲ್ಪಸ್ವಲ್ಪವಾಗಿ ದಿನಕ್ಕೆ ಆರೇಳು ಸಲ. ‘ಹೊಟ್ಟೆಗೆ ಹಗುರ’ ಎಂದು ತಿಳಿಗಂಜಿಯಲ್ಲೇ ತಿಂಗಳು ತಳ್ಳಿದವರು ಆಪರೇಷನ್ ಮೇಜಿಗೆ ಬರುವಷ್ಟರಲ್ಲಿ ಸೊರಗಿರುತ್ತಾರೆ.

ರಕ್ತದ ವ್ಯವಸ್ಥೆಯನ್ನೂ ಮೊದಲೇ ಮಾಡಿಕೊಳ್ಳಿ. ಶಿಬಿರಗಳು ನಿಂತುಹೋಗಿ ಬ್ಲಡ್ ಬ್ಯಾಂಕುಗಳು ಬರಿದಾದದ್ದನ್ನು ಕೋವಿಡ್‌ನ ಮೊದಲೆರಡು ಅಲೆಗಳಲ್ಲಿ ಕಂಡೆವು. ದಾನಿಗಳು ಲಸಿಕೆ ಹಾಕಿಸಿಕೊಂಡ ಮೇಲೆ ಒಂದಷ್ಟು ದಿನ ರಕ್ತ ಕೊಡುವಂತಿಲ್ಲ. 2021ರಲ್ಲಿ ಆ ಅವಧಿಯನ್ನು 28 ದಿನದಿಂದ 14ಕ್ಕೆ ಇಳಿಸಲಾಯಿತು. ಮನೆಯ ಮೂವರು ಒಟ್ಟಿಗೇ ಲಸಿಕೆಗೆ ಹೋಗುವ ಮೊದಲು ಆಪರೇಷನ್ ದಿನ ಲೆಕ್ಕ ಹಾಕಿ.

ಪೂರ್ತಿ ಜಠರ ತೆಗೆಸಿಕೊಂಡವರದು ಬೇರೆ ಕಥೆ. ಬಿ12 ಜೀವಸತ್ವ ಹೀರಿಕೊಳ್ಳಲು ಜಠರದಿಂದ ಒಸರುವ ಅಂಶ ಬೇಕು. ಅದೇ ಇಲ್ಲದ ಮೇಲೆ ಇಂಜೆಕ್ಷನ್ ಜೀವನಪರ್ಯಂತ. ಲಾಕ್‌ಡೌನ್‌ನಲ್ಲಿ ಮೊದಲು ತಪ್ಪುವುದು ಇದೇ, ಏಕೆಂದರೆ ತಪ್ಪಿದ ತಕ್ಷಣ ಏನೂ ಆಗುವುದಿಲ್ಲ. ಕಾಲು ಜುಮ್ಮೆನ್ನುವುದು ಶುರುವಾಗುವ ಹೊತ್ತಿಗೆ ತಡವಾಗಿರುತ್ತದೆ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಕೊಡಬಹುದಾದ ಚುಚ್ಚುಮದ್ದು ಇದು, ಬೆಂಗಳೂರಿಗೆ ಬರಬೇಕಿಲ್ಲ.

ಪದೇ ಪದೇ ಆಗುವ ತಪ್ಪುಗಳು

‘ಸ್ಕ್ಯಾನಿಂಗ್ ಮಾಡಿಸಿದ್ವಿ, ಏನೂ ಇಲ್ಲ ಅಂದ್ರು.’ ನಮ್ಮಲ್ಲಿ ಸ್ಕ್ಯಾನಿಂಗ್ ಎಂದರೆ ಅಲ್ಟ್ರಾಸೌಂಡ್. ಅದು ಪಿತ್ತಕೋಶದ ಕಲ್ಲು ತೋರಿಸುತ್ತದೆ, ಜಠರದ ಒಳಪೊರೆಯನ್ನು ಸರಿಯಾಗಿ ತೋರಿಸುವುದಿಲ್ಲ. ಎಂಡೋಸ್ಕೋಪಿ ಸಿಗದ ದಿನಗಳಲ್ಲಿ ಈ ವರದಿ ಹಿಡಿದು ನಿಶ್ಚಿಂತರಾದವರು ಬಹಳ. ‘ಟ್ಯೂಮರ್ ಮಾರ್ಕರ್’ ರಕ್ತಪರೀಕ್ಷೆಯೂ ಹಾಗೆಯೇ. ಮೊದಲ ಪತ್ತೆಗೆ ಅದು ನಂಬಿಕೆಗೆ ಅರ್ಹವಲ್ಲ.

ರಕ್ತಹೀನತೆಗೆ ಕಬ್ಬಿಣಾಂಶದ ಮಾತ್ರೆ ಕೊಟ್ಟು, ಹಿಮೋಗ್ಲೋಬಿನ್ ಏರಿತೆಂದು ಕಾರಣ ಹುಡುಕುವುದನ್ನೇ ಬಿಡುವುದು ಇನ್ನೊಂದು.

ಸೋಂಕು ತಡೆಯಲೆಂದು ಬರಿಹೊಟ್ಟೆಗೆ ಮೆಣಸು, ಶುಂಠಿ, ಬೆಳ್ಳುಳ್ಳಿಯ ಖಾರದ ಕಷಾಯ ದಿನಕ್ಕೆ ಮೂರು ಸಲ ಕುಡಿದವರಿದ್ದಾರೆ. ಕಷಾಯದಿಂದ ಕ್ಯಾನ್ಸರ್ ಬರುವುದಿಲ್ಲ, ಆದರೆ ಉರಿ ಬಂದಾಗ ‘ಕಷಾಯದ್ದೇ’ ಎನ್ನಲು ಒಂದು ನೆಪ ಸಿಗುತ್ತದೆ. ಕಷಾಯ ಬಿಟ್ಟು ಎರಡು ವಾರವಾದರೂ ಉರಿ ಹೋಗದಿದ್ದರೆ ನೆಪ ಬದಲಿಸಬೇಡಿ, ಡಾಕ್ಟರನ್ನು ನೋಡಿ.

ಕ್ಯಾನ್ಸರ್ ಇರುವವರಿಗೆ ಲಸಿಕೆ ಬೇಡ ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿತು. ತಜ್ಞರು ಹೇಳಿದ್ದು ಅದಕ್ಕೆ ತದ್ವಿರುದ್ಧ: ಇವರಿಗೇ ಮೊದಲು ಬೇಕು. ಕೀಮೋದ ಯಾವ ದಿನ ಹಾಕಿಸಿಕೊಳ್ಳಬೇಕು ಎಂಬುದನ್ನು ಮಾತ್ರ ನಿಮ್ಮ ಡಾಕ್ಟರನ್ನು ಕೇಳಿ.

ದಾರಿ ಮತ್ತು ಫೈಲು

2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯಲ್ಲಿ ಕೇರಳದ ಗಡಿ ಮುಚ್ಚಿದಾಗ, ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನವರು ಆ ಕಡೆಯೇ ಉಳಿಯಬೇಕಾಯಿತು. ವಿಷಯ ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಕೋರ್ಟು ತೀರ್ಪು ಕೊಡುವವರೆಗೆ ಗಡ್ಡೆ ಕಾಯುವುದಿಲ್ಲ. ಹಾಗಾಗಿ ನಿಮ್ಮ ಆಸ್ಪತ್ರೆ ಜಿಲ್ಲೆಯ ಅಥವಾ ರಾಜ್ಯದ ಗಡಿಯಾಚೆ ಇದ್ದರೆ, ಈಚೆ ಕಡೆ ಎರಡನೆಯ ಆಸ್ಪತ್ರೆ ಯಾವುದು ಎಂದು ನಿಮ್ಮ ಡಾಕ್ಟರಿಂದಲೇ ಮೊದಲೇ ಬರೆಸಿಕೊಳ್ಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಆ ಎರಡನೆಯ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿದೆಯೇ ನೋಡಿ.

ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಇಷ್ಟು ಇರಲಿ: ಎಂಡೋಸ್ಕೋಪಿ ವರದಿ, ಬಯಾಪ್ಸಿ ವರದಿ, ಸಿಟಿ ಸ್ಕ್ಯಾನ್‌ನ ವರದಿ ಮತ್ತು ಸಿ.ಡಿ., ಆದ ಕೀಮೋ ಸುತ್ತುಗಳ ತಾರೀಖು ಮತ್ತು ಔಷಧದ ಹೆಸರು, ಡಿಸ್ಚಾರ್ಜ್ ಸಾರಾಂಶ, ರೇಷನ್ ಕಾರ್ಡು, ಆಧಾರ್. ಎಲ್ಲದರ ಫೋಟೊ ಮನೆಯ ಇಬ್ಬರ ಮೊಬೈಲಿನಲ್ಲೂ ಇರಲಿ. ಆಸ್ಪತ್ರೆ ಬದಲಿಸುವ ಸಂದರ್ಭ ಬಂದರೆ ಬಯಾಪ್ಸಿಯ ‘ಬ್ಲಾಕ್’ ಮತ್ತು ಸ್ಲೈಡುಗಳನ್ನು ಕೇಳಿ ಪಡೆಯಿರಿ. ಮೇಣದಲ್ಲಿ ಕೂರಿಸಿದ ಆ ಸಣ್ಣ ತುಣುಕು ಇಲ್ಲದಿದ್ದರೆ ಹೊಸ ಆಸ್ಪತ್ರೆಯವರು ಮತ್ತೆ ಎಂಡೋಸ್ಕೋಪಿ ಮಾಡಬೇಕಾಗಬಹುದು, ಅಂದರೆ ಮತ್ತೊಂದು ಸರದಿ. ಬ್ಲಾಕನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ, ಮೇಣ ಕರಗಬಹುದು.